ಮಂದ್ರದ ಪೆಟ್ಟಿಗೆಯ ವಿಚಾರವಾಗಿ

ಚಿರಂಜೀವಿಗೆ,

ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಿಂದ ನಿನ್ನ ಬೇಸ್ ಗಿಟಾರಿಗಾಗಿ ಒಂದು ರಂಬಲ್ 40 ಆಂಪ್ಲಿಫೈಯರನ್ನು ಕೊಂಡುತಂದೆಯೆಂದೂ, ತಂದ ಮೂರನೆಯ ದಿನವೇ ಗೆಳೆಯನೊಬ್ಬನು ಬಂದು ನೋಡಿ, ವಾಲ್ವ್ ಎಂಬ ಗಾಜಿನ ನಳಿಕೆಯಿಲ್ಲದ ಪೆಟ್ಟಿಗೆಯಲ್ಲಿ ಜೀವವಿರುವುದಿಲ್ಲವೆಂದು ನುಡಿದು ಹೋದನೆಂದೂ, ಅಂದಿನಿಂದ ಅದರ ಮುಂದೆ ಕುಳಿತುಕೊಳ್ಳಲು ಮನಸ್ಸೇ ಬಾರದಾಗಿದೆಯೆಂದೂ ನೀನು ಬರೆದ ಕಾಗದವನ್ನು ಓದಿ ನನಗೆ ಬಹಳ ವ್ಯಥೆಯಾಯಿತು. ಇದೇ ಕಳವಳವನ್ನು ಬೇರೆ ಹುಡುಗರ ಬಾಯಿಂದಲೂ ಕೇಳಿದ್ದೇನೆ; ಆದುದರಿಂದ ಉತ್ತರವನ್ನು ನಿನಗೊಬ್ಬನಿಗೇ ಬರೆಯದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿನ್ನ ಗೆಳೆಯನ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ವಾದ್ಯತಯಾರಕ ಲಿಯೋ ಫೆಂಡರ್ 1951ರಲ್ಲಿ ತನ್ನ ಪ್ರಿಸಿಷನ್ ಬೇಸನ್ನೂ ಮರುವರ್ಷವೇ ಅದಕ್ಕೆಂದು ಬೇಸ್‌ಮನ್ ಆಂಪ್ಲಿಫೈಯರನ್ನೂ ಲೋಕಕ್ಕೆ ಕೊಟ್ಟಾಗ ಅದು ವಾಲ್ವಿನದೇ ಆಗಿತ್ತು. 1969ರಲ್ಲಿ ಆಂಪೆಗ್ ಸಂಸ್ಥೆ ಹೊರತಂದ 300 ವ್ಯಾಟಿನ ಎಸ್‌ವಿಟಿ ಎಂಬ ಮಹಾಯಂತ್ರವೂ ವಾಲ್ವಿನದೇ. ವಾಲ್ವಿಗೆ ಶಕ್ತಿಮೀರಿದ ಕೆಲಸ ಕೊಟ್ಟರೆ ಅದು ನಾದತರಂಗದ ನೆತ್ತಿಯನ್ನು ಮೆಲ್ಲನೆ ಬಾಗಿಸುತ್ತದೆ, ಆ ಬಾಗುವಿಕೆಯಲ್ಲಿ ಕಿವಿಗೆ ಹಿತವಾದ ಒಂದು ತುಂಬುತನ ಹುಟ್ಟುತ್ತದೆ. ನಿನ್ನ ಪೆಟ್ಟಿಗೆಯಲ್ಲಿರುವ ಟ್ರಾನ್ಸಿಸ್ಟರಾದರೋ ತನ್ನ ಶಕ್ತಿಯ ಕೊನೆಯವರೆಗೂ ಕೊಟ್ಟದ್ದನ್ನು ಕೊಟ್ಟಂತೆಯೇ ಒಪ್ಪಿಸಿ, ಅಲ್ಲಿಂದಾಚೆ ಕತ್ತರಿಯಲ್ಲಿ ಕತ್ತರಿಸಿದಂತೆ ತರಂಗವನ್ನು ಸಮತಟ್ಟಾಗಿ ಕಡಿದುಬಿಡುತ್ತದೆ. ಆದರೆ ಈ ಭೇದವು ಪ್ರಬಲವಾಗಿ ತೋರುವುದು ಎಲ್ಲೆಯ ಬಳಿಯಲ್ಲಿ ಮಾತ್ರ. ಎಲ್ಲೆಯ ಒಳಗಿರುವಾಗ ಟ್ರಾನ್ಸಿಸ್ಟರಿನ ಪ್ರಾಮಾಣಿಕತೆ ಕಲಿಯುವವನಿಗೆ ಒಂದು ವರವೆಂದೇ ನನ್ನ ಎಣಿಕೆ, ಏಕೆಂದರೆ ಬೆರಳಿನ ತಪ್ಪು ಅದರಲ್ಲಿ ಮರೆಯಾಗುವುದಿಲ್ಲ. ಜಾಕೊ ಪಾಸ್ಟೋರಿಯಸ್ ಎಂಬ ಅಸಾಮಾನ್ಯ ವಾದಕನು ಬೇಸ್ ಗಿಟಾರನ್ನು ಹಾಡಿಸಿದ್ದು ಅಕೂಸ್ಟಿಕ್ 360 ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಿಂದಲೇ ಎಂಬುದನ್ನು ನಿನ್ನ ಗೆಳೆಯನಿಗೂ ತಿಳಿಸು.

ಇನ್ನು ವ್ಯಾಟಿನ ಮಾತು. ನಿನ್ನ ವಾದ್ಯದ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಸಾಧಾರಣ ಗಿಟಾರಿನ ದಪ್ಪ ತಂತಿ 82 ಬಾರಿ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಬಲದ ನಾದವನ್ನು ಹೊರಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕರಷ್ಟು ದೂರ ಹಿಂದೆ ಮುಂದೆ ಚಲಿಸಬೇಕಾಗುತ್ತದೆ. ಅದರ ಮೇಲೆ ಮನುಷ್ಯನ ಕಿವಿ ತಗ್ಗಿನ ಸ್ವರಗಳಿಗೆ ಮಂದವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಗಿಟಾರ್ ನುಡಿಸುವವನಿಗೆ ಧಾರಾಳವಾಗುವ 40 ವ್ಯಾಟ್ ನಿನಗೆ ಮನೆಯ ಅಭ್ಯಾಸಕ್ಕೂ ಒಂದು ಸಣ್ಣ ಕೋಣೆಯ ರಿಹರ್ಸಲಿಗೂ ಸಾಕಾಗಿ ಅಲ್ಲಿಗೇ ನಿಲ್ಲುವುದು ಈ ಕಾರಣದಿಂದ. ಹಾಗೆಂದು 40ಕ್ಕೆ ಬದಲು 50 ಕೊಳ್ಳಬೇಕಿತ್ತೆಂದು ಮರುಗಬೇಡ: ವ್ಯಾಟ್ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ, ನಾದವು ಎರಡರಷ್ಟಾಯಿತೆಂದು ಕಿವಿಗೆ ತೋರಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು.

ಈಗ ನಿನ್ನ ಪೆಟ್ಟಿಗೆಯನ್ನು ಪರೀಕ್ಷಿಸುವ ಬಗೆಯನ್ನು ಹೇಳುತ್ತೇನೆ. ಅಂಗಡಿಯ ಗದ್ದಲದಲ್ಲಿ ಇದು ಆಗುವುದಲ್ಲ. ರಾತ್ರಿ ಮನೆಯೆಲ್ಲ ನಿಶ್ಶಬ್ದವಾದ ಮೇಲೆ, ಬೇಸ್, ಮಿಡ್, ಟ್ರೆಬಲ್ ಎಲ್ಲವನ್ನೂ ನಡುವಿಗೆ ತಂದು, ದಪ್ಪ ತಂತಿಯನ್ನು ಒಮ್ಮೆ ಮೀಟಿ, ಅದು ತಾನಾಗಿ ಅಡಗುವವರೆಗೂ ಕೇಳುತ್ತಾ ಕುಳಿತುಕೊ. ತಂಬೂರಿಯ ಮಂದ್ರ ಷಡ್ಜವನ್ನು ಕೇಳುವಾಗ ಮೀಟಿದ ಕ್ಷಣಕ್ಕಿಂತ ಆಮೇಲೆ ಉಳಿಯುವ ಝೇಂಕಾರಕ್ಕೆ ಕಿವಿಗೊಡುವಂತೆ ಇಲ್ಲಿಯೂ ಕೊನೆಯ ಭಾಗಕ್ಕೇ ಕಿವಿಗೊಡಬೇಕು. ಸ್ವರವು ಕ್ರಮವಾಗಿ ಕ್ಷೀಣಿಸಿತೋ, ನಡುವೆ ಗಿರಗಿರನೆ ಏನಾದರೂ ಅದುರಿತೋ, ಕಡೆಯಲ್ಲಿ ಉಳಿದದ್ದು ಸ್ವರವೋ ಬರಿಯ ಗುಂಯ್‌ಗುಡುವಿಕೆಯೋ? ಈ ಕೊನೆಯ ಪ್ರಶ್ನೆಗೆ ಒಂದು ಸೂಕ್ಷ್ಮವಾದ ಉಪಾಯವುಂಟು. ನಮ್ಮ ದೇಶದ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಯದು. ನಿನ್ನ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಸ್ವರ 49. ಆ ಸ್ವರವನ್ನು ಮೆಲ್ಲಗೆ ನುಡಿಸಿ ಹಿಡಿ. ಪೆಟ್ಟಿಗೆಯೊಳಗೆ ಕರೆಂಟಿನ ಹಮ್ ಸೇರಿಕೊಂಡಿದ್ದರೆ ಆ ಎರಡೂ ಒಂದನ್ನೊಂದು ತಾಕಿ, ಶ್ರುತಿ ಸೇರದ ಎರಡು ತಂತಿಗಳಂತೆ, ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ತೂಗಾಟ ಕೇಳಿಸುವುದು.

ಆ ಬಳಿಕ ಅದೇ ತಂತಿಯ ಮೇಲೆ ಒಂದೊಂದೇ ಫ್ರೆಟ್ ಏರುತ್ತಾ ಹೋಗು. ಕೆಲವು ಸ್ವರಗಳು ಮೈಮೇಲೆ ಬಂದಂತೆ ಗುಡುಗಿ, ಕೆಲವು ಗೋಡೆಯೊಳಗೆ ಅಡಗಿದಂತೆ ತೋರಿದರೆ ಪೆಟ್ಟಿಗೆಯನ್ನು ದೂಷಿಸುವ ಮೊದಲು ಅದನ್ನು ಕೋಣೆಯ ಮೂಲೆಯಿಂದ ಈಚೆಗೆ ಎಳೆದು ಇನ್ನೊಮ್ಮೆ ಕೇಳು. ಮೂಲೆ ತಗ್ಗಿನ ನಾದವನ್ನು ಉಬ್ಬಿಸುತ್ತದೆ. ಕಡೆಯದಾಗಿ, ಹಗಲು ಹೊತ್ತಿನಲ್ಲಿ, ಜೋರಾಗಿ ಮೀಟುತ್ತಾ ಮಾಸ್ಟರ್ ಎಂಬ ಒಟ್ಟು ನಾದದ ಗುಂಡಿಯನ್ನು ಕೂದಲೆಳೆಯಷ್ಟಾಗಿ ಏರಿಸುತ್ತಾ ಹೋಗಿ, ಸ್ವರದ ಅಂಚು ಹರಿಯತೊಡಗುವ ಜಾಗವನ್ನು ಕಂಡುಹಿಡಿದು, ಅದಕ್ಕಿಂತ ಒಂದು ಗೆರೆ ಹಿಂದೆ ಸುಣ್ಣದಿಂದ ಒಂದು ಚುಕ್ಕೆ ಇಡು. ಆ ಚುಕ್ಕೆಯೇ ನಿನ್ನ ಪೆಟ್ಟಿಗೆಯ ನಿಜವಾದ ಅಳತೆ.

ಚುಕ್ಕೆಯ ವಿಚಾರದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1981ರಲ್ಲಿ ‘ಗೀತಾ’ ಚಿತ್ರ ಬಂದ ಮೇಲೆ ಅದರಲ್ಲಿನ ಇಳೆಯರಾಜರ ಹಾಡುಗಳಿಲ್ಲದೆ ನಾನು ಬೇಸ್ ನುಡಿಸುತ್ತಿದ್ದ ಆರ್ಕೆಸ್ಟ್ರಾದ ಕಾರ್ಯಕ್ರಮ ಮುಗಿಯುತ್ತಿರಲಿಲ್ಲ. ಅವುಗಳಲ್ಲಿ ಬೇಸಿನವನು ಹಿಂದೆ ನಿಂತು ತಾಳ ಹಿಡಿಯುವವನಲ್ಲ, ಹಾಡಿನೊಡನೆ ಮಾತನಾಡುವವನು. ಒಂದು ಗಣೇಶೋತ್ಸವದ ಪೆಂಡಾಲಿನಲ್ಲಿ ನನ್ನ 30 ವ್ಯಾಟಿನ ಪೆಟ್ಟಿಗೆಯನ್ನು ಡ್ರಮ್ ಸೆಟ್ಟಿನ ಪಕ್ಕದಲ್ಲಿಟ್ಟು ನುಡಿಸುತ್ತಿದ್ದಾಗ, ಬೇಸ್ ಕೇಳಿಸುತ್ತಿಲ್ಲವೆಂದು ಡ್ರಮ್ಮಿನವರು ಕೂಗಿದರೆಂದು ನಾನು ಬೇಸ್ ಎಂಬ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ, ಮರುಹಾಡಿಗೆ ಮಾಸ್ಟರನ್ನೂ ತಿರುಗಿಸಿದೆ. ತಗ್ಗಿನ ನಾದವನ್ನು 6 ಡೆಸಿಬೆಲ್ ಏರಿಸಿದರೆ ಅಲ್ಲಿ ನಾಲ್ಕರಷ್ಟು ಶಕ್ತಿ ಬೇಕಾಗುವುದೆಂಬ ತಿಳಿವಳಿಕೆ ಅಂದು ನನಗಿರಲಿಲ್ಲ. ಅರ್ಧ ಗಂಟೆ ಗರಗರನೆ ನರಳಿ, ವಾರ್ನಿಷ್ ಸುಟ್ಟ ವಾಸನೆಯೊಂದನ್ನು ಬಿಟ್ಟು, ಪೆಟ್ಟಿಗೆ ಮೂಕವಾಯಿತು. ಮಾರನೆಯ ಬೆಳಿಗ್ಗೆ ಮುಂದಿನ ಬಟ್ಟೆಯನ್ನು ಬಿಚ್ಚಿ ನೋಡಿದರೆ ಕೋನಿನಲ್ಲಿ ಒಂದು ಗೀರೂ ಇಲ್ಲ. ಎರಡು ಕೈಯ ಬೆರಳುಗಳನ್ನು ನಡುಭಾಗದ ಎರಡು ಕಡೆಗೂ ಸಮವಾಗಿ ಇಟ್ಟು ಮೃದುವಾಗಿ ಒಳಕ್ಕೆ ಒತ್ತಿದೆ. ಮರಳನ್ನು ಕಾಗದದಿಂದ ಉಜ್ಜಿದಂತೆ ಕರ್ರೆಂದಿತು. ಒಳಗಿನ ಸುರುಳಿ ಬೆಂದು ಉಬ್ಬಿ ಅಯಸ್ಕಾಂತದ ಸಂದಿಯನ್ನು ಉಜ್ಜುತ್ತಿತ್ತು. ತಪ್ಪು ನನ್ನದು. ಮುಂದೆ ನೀನು ಹಳೆಯ ಪೆಟ್ಟಿಗೆಯನ್ನು ಕೊಳ್ಳುವ ಸಂದರ್ಭ ಬಂದರೆ ಮೊದಲು ಈ ಬೆರಳಿನ ಪರೀಕ್ಷೆಯನ್ನು ಮಾಡು.

ಅಂದು ನಾನು ಮಾಡಬೇಕಾಗಿದ್ದುದು ಬೇಸನ್ನು ತಗ್ಗಿಸಿ ಮಿಡ್ಡನ್ನು ಏರಿಸುವುದು, ಪೆಟ್ಟಿಗೆಯ ಮುಂದೆ ಒಂದು ಮೈಕ್ ಇಡಿಸುವುದು. ಇದು ಮೇಲ್ನೋಟಕ್ಕೆ ವಿಪರೀತವಾಗಿ ಕಾಣುವುದಾದರೂ ನಿಜ. ನಿನ್ನ ಪೆಟ್ಟಿಗೆಯಲ್ಲಿರುವ 10 ಅಂಗುಲದ ಸ್ಪೀಕರ್ 41 ಕಂಪನದ ಮೂಲಸ್ವರವನ್ನು ಬಹಳ ದುರ್ಬಲವಾಗಿ ಮಾತ್ರ ನುಡಿಯಬಲ್ಲದು. 82, 123 ಮುಂತಾದ ಅದರ ಉಪಸ್ವರಗಳನ್ನು ಚೆನ್ನಾಗಿ ನುಡಿಯುತ್ತದೆ. ಆ ಉಪಸ್ವರಗಳನ್ನು ಕೇಳಿ ನಮ್ಮ ಕಿವಿಯೇ ಕೆಳಗಿನ ಮೂಲಸ್ವರವನ್ನು ಕಟ್ಟಿಕೊಳ್ಳುತ್ತದೆ. ಉಪಸ್ವರಗಳನ್ನು ಅಳಿಸಿ ಬುಡವನ್ನು ಮಾತ್ರ ದಪ್ಪ ಮಾಡುವುದೆಂದರೆ ಮೃದಂಗದ ಎಡಕ್ಕೆ ರವೆಯ ಕಣಕವನ್ನು ಅತಿಯಾಗಿ ಮೆತ್ತಿದಂತೆ: ಭಾರ ಹೆಚ್ಚುತ್ತದೆ, ಗುಮ್ಕಿ ಸತ್ತುಹೋಗುತ್ತದೆ. ನಿನ್ನ ಪೆಟ್ಟಿಗೆಯಲ್ಲಿ ಕಾಂಟೂರ್ ಎಂಬ ಒತ್ತುಗುಂಡಿಯಿದೆಯಲ್ಲ, ಅದು ಮಾಡುವುದೂ ಮಿಡ್ಡನ್ನು ಇಳಿಸುವ ಕೆಲಸವನ್ನೇ. ಒಬ್ಬನೇ ಕುಳಿತು ನುಡಿಸುವಾಗ ಅದರ ನಾದ ಮನೋಹರವಾಗಿರುತ್ತದೆ, ನಾನು ಬೇಡವೆನ್ನುವುದಿಲ್ಲ. ನಾಲ್ಕು ಜನರೊಡನೆ ಕೂಡಿ ನುಡಿಸುವಾಗ ಅದನ್ನು ಒತ್ತಿದರೆ ನೀನು ಇದ್ದೂ ಇಲ್ಲದವನಾಗುವೆ. ದೊಡ್ಡ ಸಭೆಗಾದರೆ ಹಿಂಬದಿಯ ಲೈನ್ ಔಟಿನಿಂದ ಕೇಬಲ್ ಎಳೆದು ಮೈಕ್‌ಸೆಟ್ಟಿನವರ ಮಿಕ್ಸರಿಗೆ ಕೊಡು. ಆಗ ಜನರನ್ನು ತಲುಪುವ ಭಾರವನ್ನು ಅವರ ಸ್ಪೀಕರುಗಳು ಹೊರುತ್ತವೆ. ನಿನ್ನ ಪೆಟ್ಟಿಗೆ ನಿನಗೊಬ್ಬನಿಗೆ ಕೇಳಿಸಿದರೆ ಸಾಕು.

ಇನ್ನೊಂದು ಮಾತನ್ನು ಹಿರಿಯನಾಗಿ ಆಜ್ಞೆಯೆಂದೇ ಹೇಳುತ್ತೇನೆ. ಹಮ್ ಕಡಿಮೆಯಾಗುವುದೆಂದು ಯಾರಾದರೂ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ತೆಗೆದುಹಾಕಲು ಹೇಳಿದರೆ, ಅವರು ಎಷ್ಟೇ ಅನುಭವಿಗಳಾಗಿರಲಿ, ಕೇಳಬೇಡ. ಅದು ಅರ್ಥಿಂಗ್. ಪೆಂಡಾಲಿನ ಒದ್ದೆ ನೆಲದ ಮೇಲೆ ನಿಂತು, ಕೈಯಲ್ಲಿ ಲೋಹದ ತಂತಿಗಳನ್ನು ಹಿಡಿದು, ತುಟಿಯನ್ನು ಮೈಕಿಗೆ ತಾಗಿಸುವ ನಮ್ಮಂಥವರ ಪ್ರಾಣ ಆ ಒಂದು ಕಡ್ಡಿಯಲ್ಲಿದೆ. ಅಮೆರಿಕದಲ್ಲಿರುವ ನಿನ್ನ ಅತ್ತೆಯ ಮಗ ಅಲ್ಲಿಂದ ದೊಡ್ಡ ಪೆಟ್ಟಿಗೆಯೊಂದನ್ನು ತರುವೆನೆಂದಿದ್ದಾನಂತೆ. ಅಲ್ಲಿನ ಕರೆಂಟು 120 ವೋಲ್ಟಿನದು, ನಮ್ಮದು 230. ಹಿಂಬದಿಯಲ್ಲಿ ಬರೆದಿರುವುದನ್ನು ಓದದೆ ಗೋಡೆಗೆ ಸಿಕ್ಕಿಸಿದರೆ ಕ್ಷಣಮಾತ್ರದಲ್ಲಿ ಹಾಳಾಗುವುದು.

ಕೆಟ್ಟರೆ ಏನು ಗತಿಯೆಂದು ಕೇಳಿದ್ದೀಯೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನ್ನ ಹಳೆಯ ಪೆಟ್ಟಿಗೆಗೆ 2ಎನ್3055 ಎಂಬ, ಲೋಹದ ಟೋಪಿಯಂತಿರುವ ಟ್ರಾನ್ಸಿಸ್ಟರುಗಳನ್ನು ಎರಡು ಬಾರಿ ಕೊಂಡು ಹಾಕಿಸಿದ್ದೇನೆ. ಹಾಕಿದವರು ಪೆಟ್ಟಿಗೆಯನ್ನು ನೇರವಾಗಿ ಕರೆಂಟಿಗೆ ಕೊಡದೆ ನಡುವೆ 100 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸೀರೀಸಿನಲ್ಲಿ ಸೇರಿಸಿ ಸ್ವಿಚ್ ಹಾಕಿದರು. ಒಳಗೆ ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ಣ ಉರಿದು ಪೆಟ್ಟಿಗೆಯನ್ನು ಉಳಿಸುತ್ತದೆ. ಅದು ಒಮ್ಮೆ ಮಿನುಗಿ ಮಂಕಾದಾಗ ಅವರ ಮುಖದಲ್ಲಿ ಕಂಡ ಸಮಾಧಾನ ನನಗೆ ಇಂದಿಗೂ ನೆನಪಿದೆ. ಹೊಸ ಪೆಟ್ಟಿಗೆಗಳ ಒಳಗು ಇಷ್ಟು ಸರಳವಲ್ಲ. ಅವನ್ನು ನೀನಾಗಿ ಬಿಚ್ಚಬೇಡ, ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ದಸರೆಯ ರಜೆಗೆ ಬರುವಾಗ ಪೆಟ್ಟಿಗೆಯನ್ನು ಸಂಗಡ ತೆಗೆದುಕೊಂಡು ಬಾ. ಎಂಟು ಕಿಲೋ ಮಾತ್ರವಾದುದರಿಂದ ಬಸ್ಸಿನಲ್ಲಿ ಕಾಲ ಬಳಿ ಹಿಡಿಸುತ್ತದೆ. ನಮ್ಮ ಹಜಾರದಲ್ಲಿಟ್ಟು ಇಬ್ಬರೂ ಕೇಳೋಣ. ಸುಣ್ಣದ ಚುಕ್ಕೆಯನ್ನು ಅಳಿಸದೆ ತಾ, ನೀನು ಎಲ್ಲಿ ಇಟ್ಟಿದ್ದೀಯೆಂದು ನಾನು ನೋಡಬೇಕು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ