ನಡುವಿನ ಊರೇ ಯಾಕೆ ಬೇಕು?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಮೂಡಲಗಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿದೆ. ನನ್ನ ಗಂಡ ಬ್ಯಾಂಕಿನವರು, ಅವರಿಗೆ ಹುಕ್ಕೇರಿಗೆ ವರ್ಗವಾಗಿದೆ. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ತುಮಕೂರು ಬಿಡಬೇಕು. ಮಗಳು 8ನೇ ತರಗತಿಗೆ, ಮಗ 1ನೇ ತರಗತಿಗೆ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ, ಬಿ.ಪಿ., ಶುಗರ್ ಎರಡೂ ಇವೆ. ಘಟಪ್ರಭಾದಲ್ಲಿ ಮನೆ ಮಾಡಿದರೆ ಇಬ್ಬರಿಗೂ ನಡುವೆ ಆಗುತ್ತದೆ ಅನ್ನುವುದು ಗಂಡನ ಲೆಕ್ಕ. ಅವರ ಸಹೋದ್ಯೋಗಿಯೊಬ್ಬರು ಗೋಕಾಕದಲ್ಲಿ ಪ್ಲಾಟ್ ತೋರಿಸಿ, ‘ಇವತ್ತಲ್ಲ ನಾಳೆ ಗೋಕಾಕ ಜಿಲ್ಲೆ ಆಗ್ತದ, ಈಗ ತಗೊಂಡ್ರ ಸೋವಿ’ ಎನ್ನುತ್ತಿದ್ದಾರೆ. ನನ್ನ ಚಿಂತೆಯೇ ಬೇರೆ. ನಮ್ಮದು ಅಂತರ್ಜಾತಿ ಮದುವೆ. ಮನೆ ಕೇಳಲು ಹೋದಲ್ಲೆಲ್ಲ ಜಾತಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಜಾತಿಯವರ ಓಣಿಯಲ್ಲಿ ಮಕ್ಕಳು ಬೆಳೆಯುವುದು ಬೇಡ. ಹೊಸ ವಂಟಮುರಿಯ ಸುದ್ದಿ ಓದಿದ ಮೇಲೆ ಆ ಕಡೆ ಬರಲು ಭಯವೂ ಇದೆ. ಎಲ್ಲಿ ಮನೆ ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮೂಡಲಗಿಯಲ್ಲೇ ಮನೆ ಮಾಡಿ, ಅದೂ ಬಾಡಿಗೆಗೆ. ದಿನದ ಓಡಾಟವನ್ನು ನಿಮ್ಮ ಯಜಮಾನರು ಹೊರಲಿ. ಅವರಿಗೆ ಇದು ಹಿಡಿಸಲಿಕ್ಕಿಲ್ಲ, ಹಾಗಾಗಿ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಈ ಪುಟವನ್ನು ಅವರ ಕೈಗೇ ಕೊಡಿ.

ಇಬ್ಬರ ನಡುವಿನ ಊರು ಹಿಡಿಯುವುದು ಗಂಡ ಹೆಂಡತಿ ಇಬ್ಬರೇ ಇದ್ದಾಗ ಚಂದ. ನಿಮ್ಮ ಮನೆಯಲ್ಲಿ ಆರು ವರ್ಷದ ಹುಡುಗನಿದ್ದಾನೆ, ವಯಸ್ಸಾದ ಅತ್ತೆ ಇದ್ದಾರೆ. ಘಟಪ್ರಭಾದಲ್ಲಿ ಮನೆ ಮಾಡಿದಿರಿ ಅಂತಿಟ್ಟುಕೊಳ್ಳಿ. ಬೆಳಗ್ಗೆ ನೀವು ಪೂರ್ವಕ್ಕೆ, ಅವರು ಪಶ್ಚಿಮಕ್ಕೆ. ಮಧ್ಯಾಹ್ನ ಎರಡಕ್ಕೆ ಹುಡುಗನಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂದರೆ ಕೂಡಲೇ ಹೋಗಿ ಕರೆತರಲು ಊರಲ್ಲಿ ಯಾರೂ ಇಲ್ಲ. ಕಡೆಗೆ ಅರ್ಧ ದಿನ ರಜೆ ಬರೆದು ಓಡಿ ಬರುವವರು ನೀವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಮೂಡಲಗಿಯಲ್ಲಿದ್ದರೆ ಆ ಫೋನ್ ಹತ್ತು ನಿಮಿಷದ ಕೆಲಸ. ಇನ್ನೊಂದು ಮಾತು, ಬ್ಯಾಂಕಿನವರು ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತಲೇ ಇರುತ್ತಾರೆ. ನೀವು ಅಷ್ಟು ಸುಲಭವಾಗಿ ಕದಲುವವರಲ್ಲ. ಮನೆ ಯಾವತ್ತೂ ಕದಲದ ಕೆಲಸದ ಹತ್ತಿರ ಇರಬೇಕು. ಹೆಂಡತಿ ಮೂಡಲಗಿಯಲ್ಲಿ ಸರ್ಕಾರಿ ಸೇವೆಯಲ್ಲಿದ್ದಾಳೆ, ಗೋಕಾಕ, ಘಟಪ್ರಭಾ, ಮೂಡಲಗಿ ಕಡೆ ಯಾವ ಶಾಖೆಯಾದರೂ ಆದೀತು ಎಂದು ಯಜಮಾನರು ಈಗಲೇ ಒಂದು ಅರ್ಜಿ ಕೊಟ್ಟಿಡಲಿ.

ಇನ್ನು ನದಿಯ ಮಾತು. ಹೊರಗಿನಿಂದ ಬರುವವರು ಬೇಸಿಗೆಯಲ್ಲಿ ಮನೆ ನೋಡುತ್ತಾರೆ. ಏಪ್ರಿಲ್‌ನಲ್ಲಿ ಘಟಪ್ರಭೆ ಬಂಡೆ ತೋರಿಸಿಕೊಂಡು ಮಲಗಿರುತ್ತಾಳೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿಯ ಜಲಾಶಯವಿದೆ. ಘಟ್ಟದ ಮೇಲೆ ಮಳೆ ಹೊಡೆದು ಅಲ್ಲಿಂದ ನೀರು ಬಿಟ್ಟರೆ, ಕೆಳಗೆ ಹಿರಣ್ಯಕೇಶಿಯೂ ಮಾರ್ಕಂಡೇಯವೂ ಬಂದು ಕೂಡಿಕೊಂಡರೆ, ಪೆಟ್ಟು ಬೀಳುವುದು ಗೋಕಾಕಕ್ಕೆ. 2019ರ ಆಗಸ್ಟ್‌ನಲ್ಲಿ ಕುಂಬಾರ ಗಲ್ಲಿ, ಮಟನ್ ಮಾರ್ಕೆಟ್, ಹಳೆ ದನದ ಪೇಟೆಯ ಕಡೆ ಮನೆಮನೆಗೆ ನೀರು ಹೊಕ್ಕಿತ್ತು. ಗೋಕಾಕದಿಂದ ಮೂಡಲಗಿಗೆ ಬರಬೇಕೆಂದರೆ ಲೋಳಸೂರ ಸೇತುವೆ ದಾಟಬೇಕು, ಆ ಸೇತುವೆ ಅವತ್ತು ಮುಳುಗಿತು, ಆಮೇಲಿನ ದೊಡ್ಡ ಪ್ರವಾಹಗಳಲ್ಲೂ ಮುಳುಗಿದೆ. ಗೋಕಾಕ ಒಳ್ಳೆಯ ಪೇಟೆ. ಆಸ್ಪತ್ರೆ, ಕಾಲೇಜು, ಅಂಗಡಿ, ಯಾವುದಕ್ಕೂ ಕೊರತೆಯಿಲ್ಲ, ಕರದಂಟು ಬೇರೆ. ಆದರೆ ನಿಮ್ಮ ಶಾಲೆ ಹೊಳೆಯ ಆಚೆ ದಂಡೆಗಿದೆ. ಜುಲೈ ಆಗಸ್ಟ್‌ನಲ್ಲಿ ‘ಪೂಲಿನ ಮ್ಯಾಲೆ ನೀರ ಬಂದೈತಿ’ ಎಂಬ ಸುದ್ದಿ ಕೇಳಿ ದಾರಿಯಲ್ಲೇ ನಿಲ್ಲುವ ಸರದಿ ನಿಮ್ಮದಾಗುವುದು ಬೇಡ. ಮೂಡಲಗಿ ಪಟ್ಟಣ ನದಿ ದಂಡೆಯ ಮೇಲಿಲ್ಲ. ತಾಲ್ಲೂಕಿನಲ್ಲಿ ಸುಣಧೋಳಿ, ಅವರಾದಿ, ಮುಸಗುಪ್ಪಿಯಂಥ ಹೊಳೆಸಾಲಿನ ಹಳ್ಳಿಗಳಿಗೆ ಆ ಕಾಟ ಇದ್ದದ್ದೇ.

ಹಾಗಂತ ಮೂಡಲಗಿಯಲ್ಲಿ ಕಣ್ಣು ಮುಚ್ಚಿ ಮನೆ ಹಿಡಿಯಬೇಡಿ, ಹಳ್ಳದ ಬದಿಯ ತಗ್ಗು ಜಾಗ ಅಲ್ಲೂ ಇದೆ. ಮನೆ ನೋಡಲು ಹೋದಾಗ ಮಾಲೀಕರ ಮಾತಿಗಿಂತ ಗೋಡೆಯನ್ನು ನೋಡಿ. ಹೊರಗೋಡೆಗೆ ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಬಾಗಿಲ ಚೌಕಟ್ಟಿನ ಬುಡ ಉಬ್ಬಿದೆಯೇ, ಕರೆಂಟ್ ಮೀಟರನ್ನು ಅಕ್ಕಪಕ್ಕದ ಮನೆಗಳಿಗಿಂತ ಎತ್ತರಕ್ಕೆ ಏರಿಸಿ ಕೂರಿಸಿದ್ದಾರೆಯೇ, ನೋಡಿ. ಆಮೇಲೆ ಎದುರಿನ ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕಿಟ್ ಪುಡಿಕೆ ಕೊಂಡು, ‘2019ರಾಗ ನೀರ ಎಲ್ಲಿತನಕಾ ಬಂದಿತ್ರಿ?’ ಎಂದು ಕೇಳಿ. ಅಂಗಡಿಯವನು ಸುಳ್ಳು ಹೇಳುವುದಿಲ್ಲ, ಅವನ ಸಕ್ಕರೆ ಚೀಲವೂ ತೊಯ್ದಿರುತ್ತದೆ.

ಯಜಮಾನರ ದಾರಿಯ ಬಗ್ಗೆ ಎಚ್ಚರಿಕೆಯ ಒಂದು ಮಾತು. ಈ ಸೀಮೆಯಲ್ಲಿ ರಸ್ತೆಗೆ ಎರಡು ಋತು. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದ ಮೇಲೆ ಸಂಜೆಯ ರಸ್ತೆ ನಮ್ಮದಲ್ಲ, ಟ್ರ್ಯಾಕ್ಟರಿನದು. ಎರಡೆರಡು ಟ್ರೇಲರ್, ಎರಡೂ ಕಡೆ ಮೈಚಾಚಿದ ಕಬ್ಬು, ಹಿಂದೆ ದೀಪ ಇರುವುದು ಅಪರೂಪ, ಮುಂದೆ ಕಿವಿ ಹರಿಯುವ ಹಾಡು. ಕತ್ತಲಲ್ಲಿ ಬೈಕ್ ಓಡಿಸುವವನಿಗೆ ನಿಂತ ಟ್ರೇಲರ್ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೈಕ್ ಬೇಡವೇ ಬೇಡ. ಬಸ್ಸು, ಇಲ್ಲವೇ ನಾಲ್ಕು ಜನ ನೌಕರರು ಕೂಡಿ ಒಂದು ಕಾರು. ತಡವಾದ ರಾತ್ರಿ ಹುಕ್ಕೇರಿಯಲ್ಲೇ ಉಳಿಯಲು ಒಂದು ಕೋಣೆ ನೋಡಿಟ್ಟುಕೊಂಡರೂ ತಪ್ಪಿಲ್ಲ. ರಸ್ತೆ ಬಂದ್ ಆಗುವುದೂ ಉಂಟು. 2025ರ ನವೆಂಬರ್ ಮೊದಲ ವಾರ ಮೂಡಲಗಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲೇ ಕೂತರು. ಟನ್ನಿಗೆ 3,500 ರೂಪಾಯಿ ಕೇಳಿದರು, ಸರ್ಕಾರ 3,300ಕ್ಕೆ ಒಪ್ಪಿದ ಮೇಲೆ ಎದ್ದರು. ನಿಮ್ಮ ತರಗತಿಯಲ್ಲಿ ಕೂರುವ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆ ನಡೆಯುವುದೇ ಆ ಬೆಲೆಯ ಮೇಲೆ, ಇದು ನಿಮಗೆ ಗೊತ್ತಿರಲಿ.

ಘಟಪ್ರಭಾದ ಪರವಾಗಿಯೂ ಹೇಳಲೇಬೇಕು. ಎಲ್ಲ ಜಾತಿ, ಎಲ್ಲ ಮಂದಿ ಬೆರೆತ ವಾಸ ನೀವು ಕೇಳಿದ್ದೀರಿ, ಅದು ಈ ಭಾಗದಲ್ಲಿ ಹೆಚ್ಚು ಕಾಣುವುದು ಕೆಲಸ ಹುಡುಕಿಕೊಂಡು ಜನ ಬಂದು ಕಟ್ಟಿದ ಊರುಗಳಲ್ಲಿ. 1885ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಗಿರಣಿ ಸ್ಥಾಪನೆಯಾದ ಮೇಲೆ ಕೊಣ್ಣೂರು, ಫಾಲ್ಸ್ ಕಡೆ ಎಲ್ಲೆಲ್ಲಿಂದಲೋ ಕಾರ್ಮಿಕರು ಬಂದರು. ಘಟಪ್ರಭಾವನ್ನು ಬೆಳೆಸಿದ್ದು ರೈಲು ನಿಲ್ದಾಣ ಮತ್ತು 1929ರಲ್ಲಿ ಶುರುವಾದ ಕರ್ನಾಟಕ ಆರೋಗ್ಯಧಾಮ. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ನೆಲೆ ನಿಂತ ಊರದು. ಹಳೆಯ ಪೇಟೆಗಳಲ್ಲಿ ಗಲ್ಲಿಗೆ ಕುಲದ ಹೆಸರಿರುತ್ತದೆ, ಇಂಥ ಊರುಗಳಲ್ಲಿ ಪಕ್ಕದ ಮನೆಯವನು ಯಾವ ಪಾಳಿಗೆ ಹೋಗುತ್ತಾನೆ ಎಂಬುದೇ ಮೊದಲು ಗೊತ್ತಾಗುವ ವಿಷಯ. ಅತ್ತೆಗೆ ತುಮಕೂರು ನೆನಪಾದರೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಲು ನೀವು ಬರಬೇಕಾದ ನಿಲ್ದಾಣವೂ ಅದೇ. ಮಕ್ಕಳು ದೊಡ್ಡವರಾಗಿದ್ದರೆ ನಾನೇ ಘಟಪ್ರಭಾ ಅನ್ನುತ್ತಿದ್ದೆ.

ಮೂಡಲಗಿಯಲ್ಲಿ ಬೆರೆತ ವಾಸ ಇಲ್ಲವೇ? ಇದೆ, ಹುಡುಕಬೇಕು. ಸುತ್ತಲಿನ ಹಳ್ಳಿ ಕೂಡಿಸಿ, ಹೋರಾಟದ ಮೇಲೆ ಹೋರಾಟ ನಡೆದು, 2018ರಲ್ಲಿ ಇದು ತಾಲ್ಲೂಕು ಕೇಂದ್ರವಾಯಿತು. ಕಚೇರಿಗಳು ಬಂದವು, ಅವುಗಳ ಹಿಂದೆ ಹೊರಗಿನ ನೌಕರರೂ ಬಂದರು. ಬಾಡಿಗೆದಾರರು ಹೆಚ್ಚಿರುವ ಹೊಸ ಬಡಾವಣೆ ನೋಡಿ. ಪಟ್ಟಿ ಬೇಡ, ಒಂದೇ ಪರೀಕ್ಷೆ ಸಾಕು. ಸಂಜೆ ಐದೂವರೆಗೆ ಆ ಬೀದಿಯಲ್ಲಿ ನಿಂತು ಆಡುವ ಮಕ್ಕಳನ್ನು ಅವರವರ ತಾಯಂದಿರು ಯಾವ ಹೆಸರು ಹಿಡಿದು ಕರೆಯುತ್ತಾರೆ ಕೇಳಿ. ಬಸಮ್ಮ, ಸಮೀನಾ, ಪದ್ಮಾವತಿ, ಯಲ್ಲವ್ವ ಎಲ್ಲರೂ ಒಂದೇ ಆಟದಲ್ಲಿದ್ದರೆ ಮುಂಗಡ ಕೊಡಿ. ಆಡುವ ಮಕ್ಕಳಲ್ಲಿ ಸಂಜೆ ಆರರ ಮೇಲೆ ಹುಡುಗಿಯರೂ ಇದ್ದಾರೆಯೇ ಎಂಬುದನ್ನೂ ಗಮನಿಸಿ, ಮಗಳ ಸುರಕ್ಷತೆಗೆ ಅದಕ್ಕಿಂತ ನಂಬುವ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೂ ಜಾತಿ ಕೇಳುತ್ತಾರೆ. ‘ನೀವು ಯಾವ ಪೈಕಿರಿ?’ ಎಂದು ನೇರವಾಗಿಯೇ ಕೇಳುತ್ತಾರೆ, ಇಲ್ಲಿನವರಿಗೆ ಸುತ್ತಿ ಬಳಸಿ ಕೇಳುವ ಅಭ್ಯಾಸವಿಲ್ಲ. ಸುಳ್ಳು ಹೇಳಬೇಡಿ. ಅಡ್ಡಹೆಸರು ಮುಚ್ಚಿಟ್ಟು ಹಿಡಿದ ಮನೆಯಲ್ಲಿ ವರ್ಷವಿಡೀ ಮಕ್ಕಳ ಬಾಯಿ ಕಾಯಬೇಕಾಗುತ್ತದೆ, ಅದರಂಥ ಹಿಂಸೆ ಇನ್ನೊಂದಿಲ್ಲ. ‘ನಮ್ಮದು ಎರಡೂ ಪೈಕಿ ಐತ್ರಿ, ನಡೀತೈತೇನು?’ ಎಂದು ನೀವೇ ಮೊದಲು ಕೇಳಿಬಿಡಿ. ಇಲ್ಲ ಅನ್ನುವವರು ಬಾಗಿಲಲ್ಲೇ ಇಲ್ಲ ಅನ್ನಲಿ. ಹೂಂ ಅಂದವರು ಆಮೇಲೆ ನಿಮ್ಮ ಪರ ನಿಲ್ಲುತ್ತಾರೆ. ಮನೆ ಹುಡುಕಲು ದಲ್ಲಾಳಿಗಿಂತ ನಿಮ್ಮ ಶಾಲೆಯ ಸಹೋದ್ಯೋಗಿಗಳೇ ಮೇಲು. ‘ನಮ್ಮ ಸಾಲಿ ಟೀಚರ್ ರೀ’ ಎಂಬ ಮಾತಿಗೆ ಈ ಕಡೆ ಇನ್ನೂ ಬೆಲೆಯಿದೆ.

ಹೊಸ ವಂಟಮುರಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2023ರ ಡಿಸೆಂಬರ್‌ನಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದನೆಂದು ಹುಡುಗಿಯ ಕಡೆಯವರು ಅವನ ತಾಯಿಯನ್ನು ವಿವಸ್ತ್ರಗೊಳಿಸಿ ಹೊಡೆದರು. ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡ ಪ್ರಕರಣವದು. ಅದು ನಡೆದದ್ದು ಇದೇ ಬೆಳಗಾವಿ ಜಿಲ್ಲೆಯಲ್ಲಿ. ಆದರೆ ಅಲ್ಲಿ ಸಿಟ್ಟು ಹೊತ್ತಿದ್ದು ಪರಸ್ಪರ ಗೊತ್ತಿದ್ದ ಎರಡು ಮನೆಗಳ ನಡುವೆ, ಅದೇ ಊರಿನ ಹುಡುಗ ಹುಡುಗಿಯ ವಿಷಯಕ್ಕೆ. ಹತ್ತಾರು ವರ್ಷದ ಹಿಂದೆ ಮದುವೆಯಾಗಿ, ಇಬ್ಬರು ಮಕ್ಕಳೊಂದಿಗೆ, ಅತ್ತೆಯನ್ನೂ ಕರೆದುಕೊಂಡು ನೌಕರಿಗೆ ಬರುವ ಶಿಕ್ಷಕಿಯ ಸ್ಥಿತಿ ಬೇರೆ. ನಿಮಗೆ ಎದುರಾಗುವುದು ಪಿಸುಮಾತು, ಹಬ್ಬದ ದಿನ ಬಾರದ ಒಂದು ಕರೆ, ಅಂಥವು. ಅವೂ ನೋಯಿಸುತ್ತವೆ, ಅದನ್ನು ಸಣ್ಣದೆನ್ನಲಾರೆ. ಅದಕ್ಕೇ ಬೀದಿಯನ್ನು ನೋಡಿ ಆರಿಸಿ ಎಂದದ್ದು.

ಪ್ಲಾಟಿನ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಗೋಕಾಕ ಜಿಲ್ಲೆಯ ಮಾತು ಹೊಸದಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬೆಳಗಾವಿ ಒಡೆಯುವ ತೀರ್ಮಾನ ಮಾಡಿ ವಿರೋಧಕ್ಕೆ ಮಣಿದು ಕೈಬಿಟ್ಟಿತು. ಅಂದಿನಿಂದ ‘ಇವತ್ತಲ್ಲ ನಾಳೆ’ ಎಂದು ಹೇಳಿಕೊಂಡೇ ಪ್ಲಾಟ್ ಮಾರಿದವರಿದ್ದಾರೆ.

ಮಗಳ ಬಗ್ಗೆ ಚಿಂತೆ ಬೇಡ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಹೆಸರು ಮಾಡಿದ ವಲಯ ಮೂಡಲಗಿ. ಮೊದಲ ವಾರ ಸಹಪಾಠಿಗಳು ‘ಏನಲೇ’ ಎಂದು ಮಾತನಾಡಿಸಿದರೆ ಮನೆಗೆ ಬಂದು ಅತ್ತಾಳು. ಅದು ಬೈಗುಳವಲ್ಲ, ಸಲಿಗೆ ಎಂದು ಮೊದಲೇ ಹೇಳಿಟ್ಟಿರಿ. ಅತ್ತೆಯವರ ಔಷಧಿ ಚೀಟಿ, ಹಳೆಯ ರಿಪೋರ್ಟುಗಳನ್ನು ತುಮಕೂರಿನ ವೈದ್ಯರಿಂದ ಬರೆಸಿಕೊಂಡು ಬನ್ನಿ, ಬಂದ ವಾರವೇ ಊರಿನ ಒಬ್ಬ ವೈದ್ಯರಿಗೆ ತೋರಿಸಿ.

ಮೇ ತಿಂಗಳಲ್ಲಿ ನೀವಿಬ್ಬರೂ ಬನ್ನಿ, ಮಗಳನ್ನೂ ಕರೆತನ್ನಿ. ಅವಳಿಗೂ ಹಿಡಿಸಿದ ಬೀದಿಯಲ್ಲಿ 11 ತಿಂಗಳ ಕರಾರಿಗೆ ಮನೆ ಹಿಡಿಯಿರಿ. ಒಂದು ಮಳೆಗಾಲ, ಒಂದು ಕಬ್ಬಿನ ಹಂಗಾಮು ಕಳೆಯುವವರೆಗೆ ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರು ತಾಲ್ಲೂಕಿನಲ್ಲಿ ಎಲ್ಲಿಯೂ ಒಂದು ಗುಂಟೆ ಜಾಗ ಕೊಳ್ಳಬೇಡಿ.