ಇಂಧನ ತೀರಿದ ವಿಮಾನಗಳು ಕಲಿಸುವ ಪಾಠ

ಕಳೆದ ಅರ್ಧವಾರ್ಷಿಕ ಪರೀಕ್ಷೆಯ ತರುವಾಯ ವಿದ್ಯಾರ್ಥಿಯೊಬ್ಬನ ತಂದೆಯವರು ಮಗನ ಗಣಿತದ ಉತ್ತರಪತ್ರಿಕೆಯನ್ನು ಹಿಡಿದು ನಮ್ಮ ಕೊಠಡಿಗೆ ಬಂದರು. “ಹೆಡ್‌ಮೇಷ್ಟ್ರೇ, ಹುಡುಗನ ಲೆಕ್ಕ ಸರಿಯಾಗಿಯೇ ಇದೆ. ಉತ್ತರದ ಮುಂದೆ ಲೀಟರು ಎಂದು ಬರೆಯಲಿಲ್ಲವೆಂದು ಒಂದು ಅಂಕ ಕಳೆದಿದ್ದಾರೆ. ಇದು ನ್ಯಾಯವೇ?” ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರದಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಸಾವಧಾನವಾಗಿ ಉತ್ತರಿಸಲು ಯತ್ನಿಸುತ್ತೇವೆ. ಅದಕ್ಕಾಗಿ ನಾವು ಸ್ವಲ್ಪ ಹೊತ್ತು ಆಕಾಶಮಾರ್ಗದಲ್ಲಿ ಸಂಚರಿಸಬೇಕಾಗಿದೆ.

ಹೊಸೂರಿನಿಂದ ಕೃಷ್ಣಗಿರಿಗೆ ಹೊರಟ ಮೋಟಾರು ಸೈಕಲ್ಲಿನ ಪೆಟ್ರೋಲು ಶೂಲಗಿರಿಯ ಬಳಿ ಮುಗಿದರೆ, ಸವಾರನು ಅದನ್ನು ಬಂಕಿನವರೆಗೆ ತಳ್ಳಿಕೊಂಡು ಹೋಗಬಹುದು. ವಿಮಾನಕ್ಕೆ ಈ ಅನುಕೂಲವಿಲ್ಲ. ಆದಕಾರಣ ಪ್ರಯಾಣಿಕರ ವಿಮಾನಕ್ಕೆ ಇಂಧನವನ್ನು ನಾಲ್ಕು ಪಾಲುಗಳಾಗಿ ಲೆಕ್ಕ ಹಾಕುವುದು ವಾಡಿಕೆ. ಮೊದಲನೆಯದು ಗುರಿ ಮುಟ್ಟುವಷ್ಟು. ಎರಡನೆಯದು ಎದುರುಗಾಳಿ ಮುಂತಾದ ಅಡಚಣೆಗಳಿಗೆಂದು ಸ್ವಲ್ಪ ಹೆಚ್ಚು. ಮೂರನೆಯದು ಗುರಿಯಲ್ಲಿ ಇಳಿಯಲಾಗದಿದ್ದರೆ ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು. ನಾಲ್ಕನೆಯದು ಮೂವತ್ತು ನಿಮಿಷ ಹಾರುವಷ್ಟು ಕಡೆಯ ಮೀಸಲು. ಈ ಕಡೆಯ ಮೀಸಲನ್ನು ಮುಟ್ಟುವ ಪ್ರಸಂಗ ಬಂದಿತೆಂದರೆ ಅದು ಆಪತ್ತೆಂದೇ ಗಣನೆ. ಇಷ್ಟು ಕಟ್ಟಳೆಯಿದ್ದೂ ವಿಮಾನಗಳ ಇಂಧನ ತೀರಿದ್ದುಂಟು. ಅದು ಹೇಗೆಂಬುದನ್ನು ಮೂರು ನಿದರ್ಶನಗಳಿಂದ ನೋಡೋಣ.

ಮೊದಲನೆಯದು ಕೆನಡಾ ದೇಶದ್ದು. 1983ನೆಯ ಇಸವಿ ಜುಲೈ 23ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನವು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತು. ಇಂಧನ ತೋರಿಸುವ ಮಾಪಕಗಳು ಕೆಟ್ಟಿದ್ದುದರಿಂದ ಟ್ಯಾಂಕಿನಲ್ಲಿರುವ ಇಂಧನವನ್ನು ಕಡ್ಡಿಯಿಂದ ಅಳೆದರು. 7,682 ಲೀಟರು ಇದ್ದಿತು. ಪ್ರಯಾಣಕ್ಕೆ ಬೇಕಾದುದು 22,300 ಕಿಲೋಗ್ರಾಂ. ಆ ದೇಶವು ಆಗತಾನೆ ಪೌಂಡುಗಳನ್ನು ಬಿಟ್ಟು ಕಿಲೋಗ್ರಾಮಿಗೆ ತಿರುಗುತ್ತಿದ್ದಿತು. ಒಂದು ಲೀಟರು ಇಂಧನದ ತೂಕ 1.77 ಪೌಂಡು, ಕಿಲೋಗ್ರಾಮಿನಲ್ಲಿ ಹೇಳುವುದಾದರೆ ಸುಮಾರು 0.803. ಲೆಕ್ಕ ಮಾಡಿದವರು ಕಿಲೋಗ್ರಾಂ ಬೇಕಾದೆಡೆ ಪೌಂಡಿನ ಸಂಖ್ಯೆಯನ್ನು ಬಳಸಿದರು.

ಅವರ ಲೆಕ್ಕ: 7,682 × 1.77 = 13,597. ಇನ್ನು ಬೇಕಾದುದು 22,300 – 13,597 = 8,703. ಇದನ್ನು 1.77ರಿಂದ ಭಾಗಿಸಿದರೆ ಸುಮಾರು 4,917 ಲೀಟರು.

ಸರಿಯಾದ ಲೆಕ್ಕ: 7,682 × 0.803 = 6,169. ಇನ್ನು ಬೇಕಾದುದು 22,300 – 6,169 = 16,131. ಇದನ್ನು 0.803ರಿಂದ ಭಾಗಿಸಿದರೆ ಸುಮಾರು 20,088 ಲೀಟರು.

ಗುಣಾಕಾರವೂ ಭಾಗಾಕಾರವೂ ಮೊದಲನೆಯ ಲೆಕ್ಕದಲ್ಲಿಯೂ ನಿರ್ದುಷ್ಟವಾಗಿಯೇ ಇವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಪ್ಪಿದ್ದುದು ಏಕಮಾನವೊಂದೇ. ಒಟ್ಟಾವಾದಲ್ಲಿ ಮತ್ತೊಮ್ಮೆ ಅಳೆದರು. ಆದರೆ ಅದೇ 1.77ರಿಂದ ಗುಣಿಸಿದುದರಿಂದ ಅದೇ ತಪ್ಪು ಮರುಕಳಿಸಿತು. ಬೇಕಾದುದರ ಅರ್ಧಕ್ಕಿಂತಲೂ ಕಡಮೆ ಇಂಧನದೊಡನೆ ಏರಿದ ಆ ವಿಮಾನದ ಎರಡು ಎಂಜಿನುಗಳೂ ನಡುದಾರಿಯಲ್ಲಿ ನಿಂತುಹೋದವು. ಎಂಜಿನು ನಿಂತ ಮಾತ್ರಕ್ಕೆ ವಿಮಾನವು ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಗಳ ಆಧಾರದಿಂದ ಗಾಳಿಯಲ್ಲಿ ಜಾರುತ್ತಾ ಇಳಿಯುತ್ತದೆ. ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿದ್ದ ಕ್ಯಾಪ್ಟನ್ ಪಿಯರ್ಸನ್‌ರು ಅದನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆಯ ನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಎರಡನೆಯ ನಿದರ್ಶನವು ನಮಗೆ ಸಮೀಪದ್ದು. ನಮ್ಮ ಭಾಗದ ಮನೆಗಳಲ್ಲಿ ಹರಕೆ ತೀರಿಸಲು ತಿರುಪತಿಗೆ ಹೋಗದವರು ವಿರಳ. 1993ನೆಯ ಇಸವಿ ನವೆಂಬರ್ 15ರಂದು ಅದೇ ತಿರುಪತಿಯ ಸಮೀಪದ ಗದ್ದೆಯೊಂದರಲ್ಲಿ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ವಿಮಾನವು ಇಳಿಯಬೇಕಾಯಿತು. ಮದರಾಸಿನಿಂದ ಹೈದರಾಬಾದಿಗೆ ಹೋಗಿದ್ದ ಆ ವಿಮಾನಕ್ಕೆ ಅಲ್ಲಿ ನೋಟ ಮಸುಕಾಗಿದ್ದುದರಿಂದ ಇಳಿಯಲಾಗಲಿಲ್ಲ. ಪುನಃ ಮೇಲೇರುವಾಗ, ಇಳಿಯುವುದಕ್ಕೆಂದು ಚಾಚಿದ್ದ ರೆಕ್ಕೆಯ ಫ್ಲ್ಯಾಪುಗಳು ಒಳಸೇರದೆ ಸಿಕ್ಕಿಕೊಂಡವು. ಚಾಚಿದ ಫ್ಲ್ಯಾಪುಗಳು ಗಾಳಿಗೆ ಅಡ್ಡವಾಗಿ ನಿಲ್ಲುವುದರಿಂದ ವೇಗ ಕುಗ್ಗುತ್ತದೆ, ಇಂಧನದ ವೆಚ್ಚ ಏರುತ್ತದೆ. ಮದರಾಸಿಗೆ ಹಿಂದಿರುಗಲು ಹೊರಟ ಮೇಲೆ ಇಂಧನ ಸಾಲದೆಂದು ತಿಳಿದು ತಿರುಪತಿಯತ್ತ ತಿರುಗಿದರು. ಅಲ್ಲಿಯವರೆಗೂ ಅದು ಸಾಲಲಿಲ್ಲ. ವಿಮಾನವು ಮತ್ತೆ ಹಾರಲಾಗದಂತೆ ಕೆಟ್ಟಿತು. ಆದರೂ ಅದರಲ್ಲಿದ್ದ 262 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಪರಿಸ್ಥಿತಿ ಬದಲಾದೊಡನೆ ಹಳೆಯ ಲೆಕ್ಕವನ್ನು ಬಿಟ್ಟು ಹೊಸ ಲೆಕ್ಕವನ್ನು ಮಾಡಬೇಕೆಂಬುದು ಇದರ ಪಾಠ.

ಮೂರನೆಯದು ದುಃಖದ ಕಥೆ. 1990ನೆಯ ಇಸವಿ ಜನವರಿ 25ರ ರಾತ್ರಿ ಕೊಲಂಬಿಯಾ ದೇಶದ ಏವಿಯಾಂಕ ವಿಮಾನವನ್ನು ಹವೆ ಕೆಟ್ಟ ಕಾರಣ ನ್ಯೂಯಾರ್ಕಿನ ದಾರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲಿಯೇ ಕಾಯಿಸಲಾಯಿತು. ಇಂಧನ ಕಡಮೆಯಾಗುತ್ತಿದೆಯೆಂದು ವೈಮಾನಿಕರು ರೇಡಿಯೋದಲ್ಲಿ ಹೇಳಿದರು, ಆದ್ಯತೆಯನ್ನೂ ಬೇಡಿದರು. ಆದರೆ ತುರ್ತುಸ್ಥಿತಿಯೆಂಬ ಖಚಿತವಾದ ಮಾತು ಅವರ ಬಾಯಿಂದ ನಿಲ್ದಾಣದವರಿಗೆ ತಲುಪಲಿಲ್ಲ. ಇಳಿಯುವ ಮೊದಲ ಯತ್ನ ವಿಫಲವಾಗಿ, ಎರಡನೆಯದಕ್ಕೆ ಇಂಧನ ಉಳಿಯಲಿಲ್ಲ. 158 ಮಂದಿಯಲ್ಲಿ 73 ಮಂದಿ ಮಡಿದರು. ಇಂದು ವೈಮಾನಿಕರು ಇಂಥ ಸಂದರ್ಭದಲ್ಲಿ “ಮೇಡೇ, ಮೇಡೇ, ಮೇಡೇ, ಫ್ಯೂಯೆಲ್” ಎಂದು ಸಾರಬೇಕೆಂಬ ನಿಯಮವಿದೆ. ಸಂಕೋಚದಿಂದ ಅರ್ಧ ನುಡಿದ ಮಾತು ಸಂಕಟದಲ್ಲಿ ಕಾಯುವುದಿಲ್ಲ.

ವಿದ್ಯಾರ್ಥಿಗಳೇ, ಉತ್ತರ ಬರೆದೊಡನೆ ಅದು ಯಾವುದರ ಸಂಖ್ಯೆಯೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ತಾಳೆ ನೋಡುವಾಗ ಬೇರೊಂದು ಮಾರ್ಗದಿಂದ ನೋಡಿರಿ. ತಿಳಿಯದಿದ್ದರೆ ತಿಳಿಯಲಿಲ್ಲವೆಂದು, ಗುರುಗಳು ಕರಿಹಲಗೆಯ ಮೇಲೆ ತಪ್ಪಿದರೆ ತಪ್ಪಿದೆಯೆಂದು, ವಿನಯದಿಂದಲೇ ಆದರೂ ಸ್ಪಷ್ಟವಾಗಿ ಹೇಳಿರಿ. ನಾವು ಕೋಪಿಸಿಕೊಳ್ಳುವುದಿಲ್ಲ. ಪೋಷಕರಲ್ಲಿ ನಮ್ಮ ವಿಜ್ಞಾಪನೆಯೂ ಇದೇ: ಮನೆಯಲ್ಲಿ ಮಗುವು ಹಿರಿಯರ ಲೆಕ್ಕವನ್ನು ಪ್ರಶ್ನಿಸಿದರೆ ಗದರಿಸದೆ ಒಮ್ಮೆ ಕೂಡಿ ನೋಡಿರಿ.

ಅಂದು ನಮ್ಮ ಕೊಠಡಿಗೆ ಬಂದಿದ್ದ ಮಹನೀಯರು ಆ ಒಂದು ಅಂಕವನ್ನು ಈಗ ಕ್ಷಮಿಸುವರೆಂದು ನಂಬುತ್ತೇವೆ. ಕಡೆಯದಾಗಿ ಮಕ್ಕಳಿಗೆ ಒಂದು ಲೆಕ್ಕ: ಒಂದು ಲೀಟರು ಅಡಿಗೆ ಎಣ್ಣೆಯ ತೂಕ 910 ಗ್ರಾಂ ಆದರೆ, 15 ಲೀಟರಿನ ಡಬ್ಬದಲ್ಲಿ ತುಂಬಿದ ಎಣ್ಣೆಯ ತೂಕವೆಷ್ಟು? ಉತ್ತರದ ಮುಂದೆ ಏಕಮಾನವನ್ನು ಬರೆಯಲು ಮರೆಯಬಾರದು.