ಸೀತಾನದಿಯ ತವರು

ಸಾಸ್ತಾನದಿಂದ ಬ್ರಹ್ಮಾವರಕ್ಕೆ ಹೋಗುವಾಗ ಮಾಬುಕಳ ಸೇತುವೆ ಸಿಗುತ್ತದೆ. ಸೇತುವೆಯ ಕೆಳಗೆ ಹರಿಯುವುದು ಸೀತಾನದಿ. ಆಸ್ಪತ್ರೆಗೆ, ಸಂತೆಗೆ, ಮದುವೆ ಮನೆಗೆ ಹೋಗುವಾಗ ನಾವೆಲ್ಲ ಈ ಹೊಳೆ ದಾಟಿದ್ದೇವೆ. ಹಂಗಾರಕಟ್ಟೆ, ಕೋಡಿಬೆಂಗ್ರೆಯ ಹತ್ತಿರ ಸೀತೆ ಮತ್ತು ಸ್ವರ್ಣೆ ಜೊತೆಯಾಗಿ ಕಡಲು ಸೇರುತ್ತವೆ. ಹೊಳೆ ಮುಗಿಯುವ ಜಾಗ ನಮಗೆ ಗೊತ್ತು. ಅದು ಹುಟ್ಟುವ ಜಾಗ ಎಲ್ಲಿದೆ?

"ಮಳಿ ನಿಂತ್ ಎರಡ್ ತಿಂಗಳಾಯ್ತ್. ಆದ್ರೂ ಈ ನೀರ್ ಎಲ್ಲಿಂದ ಬಪ್ದ್?" ಎಂದು ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಬನ್ನಿ, ಈ ಚಳಿಗಾಲದಲ್ಲಿ ಹೊಳೆಯ ತವರಿಗೆ ಹೋಗಿ ಬರೋಣ.

ಘಟ್ಟದ ದಾರಿ

ಬ್ರಹ್ಮಾವರದಿಂದ ಹೆಬ್ರಿಗೆ ಹೋಗಬೇಕು. ಅಲ್ಲಿಂದ ಸೋಮೇಶ್ವರ. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ. ಘಾಟಿಯಲ್ಲಿ 14 ದೊಡ್ಡ ತಿರುವುಗಳು ಇವೆ. ಪ್ರತಿ ತಿರುವಿಗೂ ನಾವು ಮೇಲೆ ಮೇಲೆ ಹೋಗುತ್ತೇವೆ. ಸೆಖೆ ಕಡಿಮೆ ಆಗುತ್ತದೆ. ತಣ್ಣನೆಯ ಗಾಳಿ ಬೀಸುತ್ತದೆ. ಸೆರಗು ಹೊದ್ದುಕೊಳ್ಳೋಣ ಅನ್ನಿಸುತ್ತದೆ.

ಘಾಟಿಯ ಮೇಲೆ ಸೂರ್ಯಾಸ್ತ ನೋಡುವ ಜಾಗ ಇದೆ. ಅಲ್ಲಿ ನಿಂತು ಪಡುವಣಕ್ಕೆ ನೋಡಬೇಕು. ಕೆಳಗೆ ಕಾಡು, ಆಮೇಲೆ ತೋಟ, ಗದ್ದೆ. ಆಕಾಶ ಶುಭ್ರವಾಗಿದ್ದ ದಿನ ದೂರದಲ್ಲಿ ಕಡಲೂ ಕಾಣುತ್ತದೆ. ಅದು ನಮ್ಮದೇ ಕಡಲು!

ಆಳವಾದ ಕಣಿವೆ

ಆಗುಂಬೆಯ ಕಾಡಿನ ಒಳಗೆ ಬರ್ಕಣ ಎಂಬ ಜಲಪಾತ ಇದೆ. ಇಲ್ಲಿ ಸೀತಾನದಿ ಸುಮಾರು 850 ಅಡಿ ಕೆಳಗೆ ಬೀಳುತ್ತದೆ. 850 ಅಡಿ ಎಂದರೆ ಎಷ್ಟು? 60 ಅಡಿ ಎತ್ತರದ ತೆಂಗಿನ ಮರವನ್ನು ನೆನಪು ಮಾಡಿಕೊಳ್ಳಿ. ಅಂಥ 14 ಮರಗಳನ್ನು ಒಂದರ ಮೇಲೆ ಒಂದು ನಿಲ್ಲಿಸಿದಷ್ಟು ಎತ್ತರ!

ನೀರು ಬೀಳುವ ಜಾಗ ದೊಡ್ಡ ಕಣಿವೆ. ಎರಡೂ ಕಡೆ ಕಡಿದಾದ ಬೆಟ್ಟ. ನಡುವೆ ಆಳವಾದ ಕಮರಿ. ಕಮರಿಯ ತುಂಬ ಹಸಿರು ಕಾಡು. ಎದುರಿನ ಬೆಟ್ಟದಲ್ಲಿ ನಿಂತು ಇದನ್ನು ನೋಡಬೇಕು. ಮಳೆಗಾಲದಲ್ಲಿ ಇಲ್ಲಿ ಮಂಜು ಕವಿಯುತ್ತದೆ. ಕಾಲಿಗೆ ಇಂಬಳ ಹತ್ತುತ್ತದೆ. ಚಳಿಗಾಲದಲ್ಲಿ ಮಂಜು ಸರಿದು ಕಣಿವೆ ಚೆನ್ನಾಗಿ ಕಾಣುತ್ತದೆ. ನೀರು ಮಾತ್ರ ಸಣ್ಣದಾಗಿರುತ್ತದೆ, ಬಿಳಿ ನೂಲು ಇಳಿಬಿಟ್ಟ ಹಾಗೆ.

ಈ ಕಣಿವೆಯನ್ನು ಯಾರು ತೋಡಿದರು? ಮಳೆ ಮತ್ತು ಹೊಳೆ. ಹಳೆಯ ಬಾವಿಕಟ್ಟೆಯ ಕಲ್ಲು ನೋಡಿದ್ದೀರಲ್ಲ? ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಗೀರು ಬಿದ್ದಿರುತ್ತದೆ. ಮೆತ್ತನೆಯ ಹಗ್ಗ ಗಟ್ಟಿ ಕಲ್ಲನ್ನು ಸವೆಸುತ್ತದೆ. ಹಾಗೆಯೇ ನೀರು ಲಕ್ಷಾಂತರ ವರ್ಷ ಹರಿದು ಬೆಟ್ಟವನ್ನೇ ಸವೆಸಿದೆ. ಹಾಗೆ ಸವೆದ ಕಲ್ಲು ಪುಡಿಯಾಗಿ ಮರಳಾಗುತ್ತದೆ. ನಮ್ಮ ಹೊಳೆಯ ಮರಳಿನಲ್ಲಿ ಘಟ್ಟದ ಕಲ್ಲೂ ಇದೆ.

ಕಾಡು ಎಂಬ ತಿರಿ

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ನೀರೆಲ್ಲ ಹರಿಯದೆ ಬಿದ್ದಲ್ಲೇ ನಿಂತರೆ 23 ಅಡಿ ಆಳ ಆಗುತ್ತದೆ. ಅಂದರೆ ಎರಡು ಮಾಳಿಗೆಯ ಮನೆಯಷ್ಟು.

ಅಷ್ಟೂ ಮಳೆ ಬೀಳುವುದು ಹೆಚ್ಚಾಗಿ ನಾಲ್ಕೇ ತಿಂಗಳಲ್ಲಿ. ಮತ್ತೆ ಚಳಿಗಾಲದಲ್ಲಿ ನೀರು ಎಲ್ಲಿಂದ? ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಕಾಡಿನಲ್ಲಿದೆ. ಕಾಡಿನ ನೆಲದ ಮೇಲೆ ತರಗೆಲೆಯ ದಪ್ಪ ಹಾಸು ಇರುತ್ತದೆ. ಕೆಳಗೆ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ. ಮಳೆನೀರು ಓಡಿಹೋಗದೆ ಮಣ್ಣಿಗೆ ಇಳಿಯುತ್ತದೆ. ಆಮೇಲೆ ಒರತೆಯಾಗಿ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ.

ಹಿಂದೆ ನಮ್ಮ ಮನೆಗಳಲ್ಲಿ ಭತ್ತದ ತಿರಿ ಕಟ್ಟುತ್ತಿದ್ದರು. ಒಮ್ಮೆ ಬಂದ ಬೆಳೆಯನ್ನು ವರ್ಷವಿಡೀ ಉಣ್ಣುತ್ತಿದ್ದರು. ಕಾಡು ಕೂಡ ನೀರಿನ ತಿರಿ. ಕಾಡು ಕಡಿದರೆ ತಿರಿ ಬಿಚ್ಚಿದ ಹಾಗೆ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ.

ಈ ಕಾಡಿನಲ್ಲಿ ಸಿಂಗಳೀಕ, ಕಾಳಿಂಗ ಸರ್ಪ ಇವೆ. ಸೋಮೇಶ್ವರದ ಕಾಡು 1974ರಲ್ಲಿ ವನ್ಯಧಾಮ ಆಯಿತು. 2012ರಲ್ಲಿ ಯುನೆಸ್ಕೋ ಸಂಸ್ಥೆ ಪಶ್ಚಿಮ ಘಟ್ಟದ ಕೆಲವು ಕಾಡುಗಳನ್ನು ಇಡೀ ಲೋಕದ ಆಸ್ತಿ ಎಂದು ಪಟ್ಟಿಗೆ ಸೇರಿಸಿತು. ಸೋಮೇಶ್ವರ, ಆಗುಂಬೆಯ ಕಾಡುಗಳೂ ಅದರಲ್ಲಿವೆ.

ನಮ್ಮ ಬಾವಿಗೆ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಮೇಲಿನಿಂದ ಸಿಹಿನೀರು ಬರುತ್ತಿದ್ದರೆ ಅದು ಕಡಲಿನ ನೀರನ್ನು ಕೆಳಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗುತ್ತದೆ. ಆಗ ಉಬ್ಬರದ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೆ ಬರುತ್ತದೆ. ಹೊಳೆಬದಿಯ ಗದ್ದೆ ಕೆಡುತ್ತದೆ. ಬಾವಿಯ ನೀರು ಉಪ್ಪಾಗುತ್ತದೆ. ಆಗ ದೂರದಿಂದ ಕೊಡ ಹೊರುವವರು ಯಾರು? ನಾವೇ ಅಲ್ವಾ?

ಇದನ್ನು ತಡೆಯಲು ಹಳ್ಳ, ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕಬೇಕು. ಮಳೆಗಾಲದ ಮೊದಲು ತೆಗೆಯಬೇಕು. ಹಲಗೆ ಹಾಕುವುದು ತಡವಾದರೆ ಸಿಹಿನೀರು ಕಡಲಿಗೆ ಹೋಗುತ್ತದೆ, ಉಪ್ಪುನೀರು ಒಳಗೆ ಬರುತ್ತದೆ. ಹಲಗೆ ಹಾಕಿದ್ದಾರಾ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಉತ್ತರ ಸಿಗದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ.

ಹೋಗುವ ಮೊದಲು ನೆನಪಿಡಿ

1. ಬರ್ಕಣಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕೇಳಬೇಕು. ದಾರಿ ಗೊತ್ತಿರುವವರ ಜೊತೆಯಲ್ಲೇ ಹೋಗಬೇಕು.
2. ಕಣಿವೆಯ ಅಂಚಿಗೆ ಹೋಗಬಾರದು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಮಕ್ಕಳ ಕೈ ಬಿಡಬಾರದು.
3. ಬುತ್ತಿ ಕಟ್ಟಿಕೊಂಡು ಹೋಗಿ. ಪ್ಲಾಸ್ಟಿಕ್ ಅಲ್ಲಿ ಬಿಸಾಡಬೇಡಿ. ಅಲ್ಲಿ ಎಸೆದದ್ದು ಹೊಳೆಯಲ್ಲಿ ನಮ್ಮೂರಿಗೇ ಬರುತ್ತದೆ.
4. ಕಾಡಿನಲ್ಲಿ ಬೆಂಕಿ ಹಾಕಬೇಡಿ.

ಓದಿ, ಬರೆಯಿರಿ

ಕಣಿವೆ, ಕಮರಿ, ಒರತೆ, ಉಬ್ಬರ, ಹಲಗೆ.

ಉತ್ತರ ಹೇಳಿ

1. ಸೀತಾನದಿ ಎಲ್ಲಿ ಕಡಲು ಸೇರುತ್ತದೆ?
2. ಮಳೆ ನಿಂತ ಮೇಲೂ ಹೊಳೆಯಲ್ಲಿ ನೀರು ಇರುವುದು ಹೇಗೆ?
3. ಕಿಂಡಿ ಅಣೆಕಟ್ಟಿಗೆ ಹಲಗೆ ಯಾವಾಗ ಹಾಕಬೇಕು?

ಎಲ್ಲರೂ ಕೂತು ಮಾತಾಡಿ

ನಿಮ್ಮ ಬಾವಿಯ ನೀರು ಯಾವ ತಿಂಗಳಲ್ಲಿ ಕಡಿಮೆ ಆಗುತ್ತದೆ? ಯಾವ ತಿಂಗಳಲ್ಲಿ ಉಪ್ಪಾಗುತ್ತದೆ? ಪ್ರತಿ ಮನೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಗ್ರಾಮಸಭೆಗೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.